ದೇವರ ಎಡಗಡೆಯ ಫ್ಯಾನ್

ಒಂದು ಹೂವು ದೇವರ ಬಲಗಡೆಯಿಂದ ಬೀಳಲೆಂದು ನಾನು ತೆತ್ತದ್ದು ಒಂದು ಜೋಡಿ ತೇಗದ ಕದ. ಜಯನಗರದಲ್ಲಿ ಕೆಡವಿದ ಹಳೆಯ ಮನೆಯೊಂದರದು, ಹಿತ್ತಾಳೆ ಚಿಲಕ ಸಮೇತ. ಅವಸರಪಡದೆ ಕಾದು ಮಾರಿದ್ದರೆ ನಲವತ್ತು ಸಾವಿರಕ್ಕೆ ಮೋಸವಿರಲಿಲ್ಲ. ಅದರ ಮೇಲೆ ಬಡಗಿಗೆ ಎರಡು ದಿನದ ಕೂಲಿ, ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ್ದು. ಕಾರಣ ಇಷ್ಟೇ: ನನ್ನ ಅಕ್ಕನ ಒಂದು ಕಣ್ಣು ಹೋಗುತ್ತಿತ್ತು, ಡಾಕ್ಟರು ಆಪರೇಷನ್ ಬೇಕು ಅಂದಿದ್ದರು, ದೇವರು ಬೇಡ ಅಂದಿದ್ದ.

ದೇವರು ಬೇಡ ಅನ್ನುವುದು ಹೇಗೆ ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಬಡಾವಣೆಯ ಆಂಜನೇಯನ ಗುಡಿಯಲ್ಲಿ ಹೂವು ಕೇಳುವ ಪದ್ಧತಿ ಇದೆ. ಅರ್ಚಕರು ವಿಗ್ರಹದ ಎರಡು ಭುಜಕ್ಕೂ ಒದ್ದೆ ಗಂಧ ಮೆತ್ತಿ ಒಂದೊಂದು ಹೂವು ಅಂಟಿಸುತ್ತಾರೆ. ಕೇಳುವವರು ತಮ್ಮ ಪ್ರಶ್ನೆಯನ್ನು ಅರ್ಚಕರಿಗೆ ಹೇಳಿ ಕೈಮುಗಿದು ಎದುರಿಗೆ ಕೂರುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಈ ಬರಹದಲ್ಲಿ ಬರುವ ಎಡ ಬಲಗಳೆಲ್ಲ ದೇವರವು, ನಿಮ್ಮವಲ್ಲ. ಗೊಂದಲ ಮಾಡಿಕೊಳ್ಳಬೇಡಿ.

ಕೇಳಲು ಬರುವವರು ದಡ್ಡರೆಂದು ತಿಳಿಯಬೇಡಿ. ಕಾಲು ಕೆಜಿ ಬೆಂಡೆಕಾಯಿ ಕೊಳ್ಳಲು ಒಂದೊಂದರ ತುದಿಯನ್ನೂ ಮುರಿದು ನೋಡುವ ಜನ ಇವರು. ಜೆ.ಪಿ. ನಗರದಲ್ಲಿ ಫ್ಲ್ಯಾಟ್ ಕೊಳ್ಳುವ ಮುಂಚೆ ಇಬ್ಬರು ವಕೀಲರಿಗೆ ಪತ್ರ ತೋರಿಸಿ, ಇಬ್ಬರೂ ಒಪ್ಪಿದ ಮೇಲೆ ಮೂರನೆಯವರನ್ನು ಹುಡುಕಿಕೊಂಡು ಹೋಗುವವರು. ಅಷ್ಟೆಲ್ಲ ಆದ ಮೇಲೆ ಗುಡಿಗೆ ಬಂದು ಎಡಗಡೆ ಹೂವು ಬಿದ್ದರೆ ಅಡ್ವಾನ್ಸ್ ವಾಪಸ್ ಕೇಳುತ್ತಾರೆ. ಬಿಲ್ಡರ್ ಕೊಡುವುದಿಲ್ಲ. ಆ ಜಗಳಕ್ಕೆ ನಾಲ್ಕನೆಯ ವಕೀಲ.

ನಾನೇನೂ ಬೇರೆ ಮಣ್ಣಿನಲ್ಲಿ ಮಾಡಿದವನಲ್ಲ. ಕೆಡವುವ ಮನೆಗಳ ಬಾಗಿಲು ಕಿಟಕಿ ಕೊಂಡು, ಸುಬ್ರಹ್ಮಣ್ಯಪುರದ ಅಂಗಡಿಯಲ್ಲಿಟ್ಟು ಮಾರುವುದು ನನ್ನ ಕಸುಬು. ತೇಗ ಎಂದು ಯಾರು ಆಣೆ ಮಾಡಿದರೂ ನಂಬುವುದಿಲ್ಲ. ಬೆರಳಿನಲ್ಲಿ ತಟ್ಟುತ್ತೇನೆ, ಉಗುರಿನಲ್ಲಿ ಕೆರೆದು ಮೂಸುತ್ತೇನೆ, ಕೆಳಗಿನ ಅಂಚಿಗೆ ಗುಂಡುಸೂಜಿ ಚುಚ್ಚಿ ಹುಳು ಹಿಡಿದಿದೆಯೋ ನೋಡುತ್ತೇನೆ. ಇಂಥವನು ಪ್ರತಿ ಶನಿವಾರ ಅಂಗಡಿ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತೇನೆ. ಯಾಕೆ ಎಂದು ಕೇಳಿದವರಿಗೆ ಗಿರಾಕಿಗಳಿಗೆ ಇಷ್ಟ ಆಗುತ್ತೆ ಅನ್ನುತ್ತೇನೆ. ಒಂದು ಶನಿವಾರ ಮರೆತಾಗ, ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಡಿ ಮುಚ್ಚಿ ಬನಶಂಕರಿ ತನಕ ಹೋಗಿ ತಂದೆ. ಆವತ್ತು ಇಷ್ಟಪಡಲು ಒಬ್ಬ ಗಿರಾಕಿಯೂ ಇರಲಿಲ್ಲ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮೂವತ್ತು ವರ್ಷ ಜಯನಗರದ ಮಾರ್ಕೆಟ್ಟಿನ ಮೂಲೆಯಲ್ಲಿ ಹೂವು ಮಾರಿ ನನ್ನನ್ನು ಓದಿಸಿದವಳು. ನಾನು ಓದಲಿಲ್ಲ, ಅದು ಬೇರೆ ವಿಷಯ. ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಹೋದ ವರ್ಷ ಅವಳ ಕಣ್ಣಿನೊಳಗಿನ ಒತ್ತಡ ಏರಿತು. ಹನಿ ಹಾಕಿದರೂ ಇಳಿಯಲಿಲ್ಲ. ಡಾಕ್ಟರಮ್ಮ ನೇರವಾಗಿಯೇ ಹೇಳಿದರು: "ಹೋದ ದೃಷ್ಟಿ ವಾಪಸ್ ತರೋಕೆ ನನ್ನ ಕೈಲಿ ಆಗಲ್ಲ. ಇರೋದನ್ನ ಉಳಿಸಬಹುದು. ಮೂರು ವಾರ ದಾಟಿಸಬೇಡಿ."

ನಾನು ಅಲ್ಲೇ ತಾರೀಕು ಗೊತ್ತು ಮಾಡಿ, ಪ್ಯಾಕೇಜಿನಲ್ಲಿ ರೂಮು ಬಾಡಿಗೆ ಸೇರಿದೆಯೋ ಇಲ್ಲವೋ ಎಂದು ಚೌಕಾಶಿಯನ್ನೂ ಮುಗಿಸಿ ಬಂದೆ. ಅಕ್ಕ ಇಡೀ ದಾರಿ ಮಾತಾಡಲಿಲ್ಲ. ಒಪ್ಪಿದ್ದಾಳೆ ಎಂದುಕೊಂಡೆ. ಮಾರನೆಯ ದಿನ ಬೆಳಗ್ಗೆ ಗುಡಿಗೆ ಹೋಗಿ ಬಂದು ಹೇಳಿದಳು:

"ಸ್ವಾಮಿ ಎಡಗಡೆ ಕೊಟ್ಟ. ಆಪರೇಷನ್ ಬೇಡ."

ಮೊದಲ ವಾರ ವಾದದಲ್ಲಿ ಹೋಯಿತು. ನನ್ನ ಮಾತಿಗೆ ಬೆಲೆ ಇಲ್ಲವೆಂದು, ನಮ್ಮ ಬೀದಿಯ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರನ್ನು ಕರೆತಂದೆ. ಇವರು ದೇವರನ್ನು ನಂಬುವುದಿಲ್ಲ, ಮತ್ತು ಆ ಸಂಗತಿಯನ್ನು ದೇವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಾರೆ.

"ನೋಡಮ್ಮ, ಹೂವು ಬೀಳೋದು ಗುರುತ್ವಾಕರ್ಷಣೆಯಿಂದ."

ಅಕ್ಕ ಕಾಫಿ ಮುಂದಿಟ್ಟಳು. "ಅದನ್ನ ಮಾಡ್ದೋರು ಯಾರು ಮೇಷ್ಟ್ರೆ?"

"ಯಾರೂ ಮಾಡಿಲ್ಲ. ಅದು ತಾನಾಗೇ ಇದೆ."

"ಹಂಗೇ ಅನ್ನಿ. ನಮ್ಮ ಸ್ವಾಮೀನೂ ಹಂಗೇ, ತಾನಾಗೇ ಇದಾನೆ. ಸಕ್ಕರೆ ಸಾಕಾ?"

ಒಂದೂವರೆ ಗಂಟೆ ಕೂತರು. ಭೂಮಿ, ಚಂದ್ರ, ಕಕ್ಷೆ ಎಲ್ಲ ಆಯಿತು. ಹೊರಡುವಾಗ ಗೇಟಿನ ಹತ್ತಿರ "ಮೌಢ್ಯ ರೀ, ಮೌಢ್ಯ" ಎಂದು ಕೈ ಝಾಡಿಸಿದರು. ಆ ಕೈಯಲ್ಲಿ ಒಂದು ತಾಮ್ರದ ಬಳೆ ಇತ್ತು. ಏನು ಮೇಷ್ಟ್ರೆ ಇದು ಎಂದೆ. "ಮಂಡಿ ನೋವಿಗೆ. ಇದು ಸೈನ್ಸು" ಅಂದರು.

ಮೇಷ್ಟ್ರು ಇಷ್ಟೆಲ್ಲ ಹೇಳಿದರೂ ಆ ಹೂವನ್ನು ಒಂದು ಸಲವೂ ಹೋಗಿ ನೋಡಿರಲಿಲ್ಲ. ಬಾಗಿಲನ್ನು ತಟ್ಟದೆ ಅದು ಹೊನ್ನೆಯೋ ತೇಗವೋ ಎಂದು ಭಾಷಣ ಮಾಡುವವರಿಗೂ ಇವರಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ನಾನೇ ನೋಡುತ್ತೇನೆ ಎಂದು ಮೂರು ಬೆಳಗ್ಗೆ ಗುಡಿಯಲ್ಲಿ ಕಂಬಕ್ಕೆ ಒರಗಿ ಕೂತೆ. ಮೂರೂ ದಿನ, ಕೇಳಿದವರಿಗೆಲ್ಲ ಎಡಗಡೆಯ ಹೂವೇ ಬಿತ್ತು. ಮಗಳ ಗಂಡಿನ ಬಗ್ಗೆ ಕೇಳಿದ ದಂಪತಿಗೆ ಎಡ. ಕೆಲಸ ಬಿಡಲೋ ಬೇಡವೋ ಎಂದು ಕೇಳಿದ ಹುಡುಗಿಗೆ ಎಡ. ಬಿಟಿಎಂನಲ್ಲಿ ಪಿ.ಜಿ. ನಡೆಸುವ ಒಬ್ಬ ಯಜಮಾನ, ಮೂರೇ ಮಹಡಿಗೆ ಅನುಮತಿ ಇರುವ ಕಟ್ಟಡಕ್ಕೆ ಐದನೆಯದನ್ನು ಏರಿಸಲೋ ಎಂದು ಕೇಳಿದ, ಅವನಿಗೂ ಎಡ. ನಾಲ್ಕನೆಯದನ್ನು ಯಾರನ್ನು ಕೇಳಿ ಕಟ್ಟಿದ್ದನೋ ಗೊತ್ತಿಲ್ಲ.

ಮೂರನೆಯ ದಿನ ನನ್ನ ಕಣ್ಣು ವಿಗ್ರಹ ಬಿಟ್ಟು ಗೋಡೆಯ ಮೇಲೆ ಹೋಯಿತು. ಗರ್ಭಗುಡಿಯ ಒಳಗೆ, ಬಾಗಿಲಿನ ಪಕ್ಕದಲ್ಲಿ, ದೇವರ ಎಡಗಡೆಗೆ ಒಂದು ಗೋಡೆ ಫ್ಯಾನು. ಅದರ ಗಾಳಿ ನೇರವಾಗಿ ಎಡಭುಜಕ್ಕೆ ಬಡಿಯುತ್ತಿತ್ತು. ಆ ಕಡೆಯ ಗಂಧ ಬೇಗ ಒಣಗಿ ಹೂವು ಕಳಚುತ್ತಿತ್ತು. ಬಲಭುಜ ತಣ್ಣಗೆ ಒದ್ದೆಯಾಗಿಯೇ ಇರುತ್ತಿತ್ತು.

ಅರ್ಚಕರಿಗೆ ನಲವತ್ತರ ಆಸುಪಾಸು. ಬಿ.ಕಾಂ. ಓದಿದವರು, ಸ್ಕೂಟರಿನಲ್ಲಿ ಓಡಾಡುತ್ತಾರೆ. ಜನ ಕರಗಿದ ಮೇಲೆ ಕೇಳಿದೆ.

"ಸ್ವಾಮಿ, ಈ ಫ್ಯಾನು ಯಾವಾಗಿಂದ?"

"ಯುಗಾದಿಯಿಂದ."

"ಆಮೇಲೆ ಬಲಗಡೆ ಯಾವತ್ತಾದ್ರೂ ಬಿದ್ದಿದೆಯಾ?"

ಅವರು ತಟ್ಟೆ ಒರೆಸುತ್ತಲೇ ನಕ್ಕರು. "ಕರೆಂಟು ಹೋದಾಗ ಬಿದ್ದಿದೆ."

"ಗೊತ್ತಿದ್ದೂ ಸುಮ್ನಿದೀರಾ?"

"ಫ್ಯಾನಿನ ಮೇಲೆ ಹೆಸರು ಓದಿ ಸಾರ್."

ಓದಿದೆ. ಕೆಂಪು ಬಣ್ಣದಲ್ಲಿ ಗುಡಿಯ ಕಮಿಟಿ ಅಧ್ಯಕ್ಷರ ಹೆಸರು, ಕೆಳಗೆ ಅವರ ಧರ್ಮಪತ್ನಿಯದು. ರೆಕ್ಕೆ ತಿರುಗುವ ಜಾಗ ಒಂದನ್ನು ಬಿಟ್ಟು ಉಳಿದೆಡೆಯೆಲ್ಲ ಹೆಸರೇ.

"ನನ್ನನ್ನ ಕೇಳಿದ್ರೆ ನಾನು ಹೇಳ್ತಿದ್ದೆ," ಅರ್ಚಕರು ಅಂದರು. "ನನ್ನನ್ನ ಯಾರೂ ಕೇಳಲ್ಲ. ಎಲ್ರೂ ದೇವರನ್ನೇ ಕೇಳ್ತಾರೆ."

ಜೇಬಿನಿಂದ ಒಂದು ಕವರು ತೆಗೆದು, ನಮ್ಮಕ್ಕ ಬಂದ ದಿನ ಬಲಗಡೆಯದನ್ನು ಸ್ವಲ್ಪ ಸಡಿಲವಾಗಿ ಅಂಟಿಸಿ ಎಂದೆ. ಅವರು ಕವರಿನ ಕಡೆ ನೋಡಲೂ ಇಲ್ಲ. "ಅದೊಂದು ಮಾಡಲ್ಲ ಸಾರ್. ಬೇರೆ ಎಲ್ಲಾದಕ್ಕೂ ಹೊಂದ್ಕೊಂಡಿದೀನಿ, ಅದೊಂದು ಉಳಿಸ್ಕೊಂಡಿದೀನಿ. ಬೇಕಾದ್ರೆ ಫ್ಯಾನ್ ಆಫ್ ಮಾಡಿ ಇಡ್ತೀನಿ."

"ಆಫ್ ಮಾಡಿದ್ರೆ ಯಾವ ಕಡೆ ಬೀಳುತ್ತೆ?"

"ಯಾವ ಕಡೆ ಬೇಕಾದ್ರೂ ಬೀಳಬಹುದು."

ಅಂಥ ನ್ಯಾಯವಾದ ಪರೀಕ್ಷೆ ನನಗೆ ಬೇಕಿರಲಿಲ್ಲ. ಮೂಢನಂಬಿಕೆಯ ವಿರುದ್ಧ ಹೋರಾಡುವವರಿಗೆ ಇಂಥ ಗಳಿಗೆಯಲ್ಲಿ ನ್ಯಾಯ ಸ್ವಲ್ಪ ತೊಡಕಿನ ವಸ್ತು.

ಫ್ಯಾನು ಬಲಗಡೆಗೆ ಹೋಗಬೇಕು, ಅಧ್ಯಕ್ಷರಿಗೆ ಸಿಟ್ಟು ಬರಬಾರದು. ಗರ್ಭಗುಡಿಗೆ ಇದ್ದದ್ದು ಅಂಗಡಿಗಳಿಗೆ ಹಾಕುವಂಥ ಎಳೆಯುವ ಕಬ್ಬಿಣದ ಗೇಟು. ಅಲ್ಲಿ ಜೋಡಿ ಕದ ಕೂರಿಸಿದರೆ ಒಂದು ಕದ ಪೂರ್ತಿ ಒಳಕ್ಕೆ ತೆರೆದು ಆ ಫ್ಯಾನಿನ ಗೋಡೆಗೆ ತಾಗುತ್ತದೆ. ಫ್ಯಾನು ಅಲ್ಲಿಂದ ಏಳಲೇಬೇಕು. ಬಾಗಿಲು ಸರಿಯಾಗಿ ನಡುವಿಗಿಲ್ಲದ್ದರಿಂದ ಇನ್ನೊಂದು ಕದ ಎದುರು ಗೋಡೆಯನ್ನು ಮುಟ್ಟುವುದಿಲ್ಲ, ಫ್ಯಾನಿಗೆ ಜಾಗ ಇರುವುದು ಅಲ್ಲಿ ಮಾತ್ರ. ಟೇಪು ಹಿಡಿದು ಎರಡು ಸಲ ಅಳೆದೆ. ನಂತರ ಅಧ್ಯಕ್ಷರ ಮನೆಗೆ ಹೋದೆ. ಅವರು ಹಿಂದೆ ರಸ್ತೆ ಕಂಟ್ರಾಕ್ಟರ್ ಆಗಿದ್ದವರು.

"ತೇಗದ ಬಾಗಿಲು. ದೇವರಿಗೆ ಕಾಣಿಕೆ ಅಧ್ಯಕ್ಷರೆ. ನಿಮ್ಮ ಫ್ಯಾನು ಈ ಗೋಡೆಯಿಂದ ಆ ಗೋಡೆಗೆ. ಹೆಸರನ್ನ ಹೊಸದಾಗಿ ಬರೆಸಿ ಕೊಡ್ತೀನಿ. ನನ್ನ ಹೆಸರು ಎಲ್ಲೂ ಬೇಡ."

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ಹೆಸರು ಬೇಡ್ವಾ? ಯಾಕೆ, ಬಾಗಿಲಲ್ಲಿ ಏನಾದ್ರೂ ಇದೆಯಾ?"

ಈ ಇಡೀ ವ್ಯವಹಾರದಲ್ಲಿ ಅಲ್ಲಿಯವರೆಗೆ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ. ಅವರು ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಗೆ ಬಂದು ಕದವನ್ನು ತಟ್ಟಿದರು, ಮೂಸಿದರು, ನನ್ನದೇ ಗುಂಡುಸೂಜಿ ಇಸಿದುಕೊಂಡು ಚುಚ್ಚಿದರು. ಕೊನೆಗೆ ಕದದ ಮೇಲೆ ನನ್ನ ಹೆಸರನ್ನು ಕೆತ್ತಿಸಲು ನಾನು ಒಪ್ಪಿದ ಮೇಲೆಯೇ ಅವರಿಗೆ ಸಮಾಧಾನ. ಇಷ್ಟಾಗುವಾಗ ಎರಡನೆಯ ವಾರವೂ ಮುಗಿದು, ಬಡಗಿಯ ಕೆಲಸಕ್ಕೆ ಮೂರನೆಯದೂ ಕರಗುತ್ತ ಬಂದಿತ್ತು. ಅಕ್ಕ ಆಗಲೇ ಒಂದು ಪಕ್ಕದಲ್ಲಿಟ್ಟ ಲೋಟಕ್ಕೆ ಕೈ ತಗುಲಿಸಿ ಬೀಳಿಸುತ್ತಿದ್ದಳು.

ಬಾಗಿಲು ಕೂತಿತು, ಫ್ಯಾನು ಬಲಗೋಡೆಗೆ ಹೋಯಿತು. ಇನ್ನೊಂದು ಸಲ ಕೇಳು ಎಂದು ಅಕ್ಕನನ್ನು ಪುಸಲಾಯಿಸಿ ಮಂಗಳವಾರ ಬೆಳಗ್ಗೆ ಎಂಟಕ್ಕೆ ಕರೆದುಕೊಂಡು ಹೋದೆ. ಅರ್ಚಕರು ಗಂಧ ಮೆತ್ತಿ ಹೂವು ಅಂಟಿಸಿದರು, ಫ್ಯಾನು ಹಾಕಿದರು. ಬಲಗಡೆಯ ಹೂವಿನ ಎಸಳು ಅಲುಗಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಎರಡು ಹೂವೂ ಅಲುಗಾಡದೆ ಕೂತಿದ್ದವು. ಅರ್ಚಕರು ಅಷ್ಟೋತ್ತರ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಕೈಮುಗಿದು ಕಣ್ಣು ಮುಚ್ಚಿದ್ದೆ. ಬದುಕಿನಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಯಾವತ್ತೂ ಪ್ರಾರ್ಥಿಸಿರಲಿಲ್ಲ. ಪ್ರಾರ್ಥಿಸಿದ್ದು ದೇವರನ್ನಲ್ಲ, ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವವನನ್ನು.

ಮುಕ್ಕಾಲು ಗಂಟೆಗೆ ಅಕ್ಕ ಎದ್ದಳು.

"ಗಂಧ ಜಾಸ್ತಿ ಹಚ್ಚಿದೀರ ಸ್ವಾಮಿ. ಹೂವೂ ನಿನ್ನೆ ಸಂಜೇದು, ತೂಕ ಇಲ್ಲ. ಗಾಳಿ ಇಲ್ದೆ ಇದು ಮಧ್ಯಾಹ್ನದವರೆಗೂ ಬೀಳಲ್ಲ." ಮಂಗಳಾರತಿ ತೆಗೆದುಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು.

ನಾನು ಹಿಂದೆಯೇ ಹೋದೆ. "ಗಾಳಿಯಿಂದ ಬೀಳುತ್ತೆ ಅಂತ ನಿಂಗೆ ಗೊತ್ತಾ?"

"ಮೂವತ್ತು ವರ್ಷ ಹೂ ಮಾರಿದೀನಿ ಕಣೋ. ಯಾವ ಹೂ ಎಷ್ಟು ಹೊತ್ತು ನಿಲ್ಲುತ್ತೆ ಅಂತ ನಂಗೆ ಗೊತ್ತಿಲ್ಲದೆ ನಿಂಗೆ ಗೊತ್ತಿರುತ್ತಾ? ಫ್ಯಾನು ಎಡಗಡೆ ಇದ್ದಿದ್ದೂ ಕಂಡಿತ್ತು, ಬಲಗಡೆ ಬಂದಿದ್ದೂ ಕಾಣಿಸ್ತು. ಇನ್ನೊಂದು ಕಣ್ಣು ಚೆನ್ನಾಗೇ ಇದೆ."

"ಮತ್ತೆ ಯಾಕೆ ಕೇಳಿದ್ದು?"

"ಬೇಡ ಅಂತ ನಾನು ಅಂದಿದ್ರೆ ನೀನು ಕೇಳ್ತಿದ್ಯಾ? ಅಲ್ಲೇ ನಿಂತು ತಾರೀಕು ಗೊತ್ತು ಮಾಡ್ದೆ. ರೂಮ್ ಬಾಡಿಗೆಗೆ ಚೌಕಾಶಿ ಮಾಡ್ದೆ. ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಸ್ವಾಮಿ ಬೇಡ ಅಂದ ಅಂದ್ರೆ ಎಲ್ಲ ಬಾಯಿ ಮುಚ್ಕೋತೀರ."

"ಹಂಗಾದ್ರೆ ನಿಂಗೆ ನಂಬಿಕೆ ಇಲ್ವಾ?"

"ಇಲ್ಲ ಅಂತ ಯಾರಂದ್ರು? ಅವನ ಮುಂದೆ ಬಂದು ಸುಳ್ಳು ಕೇಳಿದೀನಿ ಅಂತ ದಿನಾ ಕೆನ್ನೆಗೆ ಹೊಡ್ಕೊಂಡು ತಪ್ಪಾಯ್ತು ಅಂತಿದೀನಿ."

ನಾನೂ ಅವಳ ಪಕ್ಕ ಕಟ್ಟೆಯ ಮೇಲೆ ಕೂತೆ. ಕೊನೆಗೆ ನಾನು ಮೂರು ವಾರದ ಹಿಂದೆಯೇ ಕೇಳಬೇಕಾಗಿದ್ದನ್ನು ಕೇಳಿದೆ. "ಯಾಕಕ್ಕ ಬೇಡ?"

ಮಾರ್ಕೆಟ್ಟಿನಲ್ಲಿ ಅವಳ ಪಕ್ಕ ಮಲ್ಲಿಗೆ ಮಾರುತ್ತಿದ್ದ ಹೆಂಗಸಿನ ಕತೆ ಹೇಳಿದಳು. ಒಂದು ಕಣ್ಣು ಮಂಜು ಎಂದು ಯಾವುದೋ ಬಿಟ್ಟಿ ಆಪರೇಷನ್ ಕ್ಯಾಂಪಿಗೆ ಹೋದವಳು, ಆ ಕಣ್ಣನ್ನೇ ಕಳೆದುಕೊಂಡು ಬಂದಳು. ಎರಡು ವರ್ಷಕ್ಕೆ ಇನ್ನೊಂದೂ ಮಂಜಾಯಿತು. ಹೆದರಿ ಡಾಕ್ಟರ ಬಳಿ ಹೋಗಲೇ ಇಲ್ಲ. "ಆಮೇಲೆ ಮಗಳು ಹೂ ಕಟ್ತಿದ್ಲು, ಇವಳು ಮೂಸಿ ನೋಡಿ ರೇಟು ಹೇಳ್ತಿದ್ಲು. ನೀನು ಅವಳ ಹತ್ರ ಕಡ್ಲೆಕಾಯಿ ಇಸ್ಕೊಂಡು ತಿಂದಿದೀಯ."

ತಿಂದಿದ್ದೆ. ಕಡಲೆಕಾಯಿಯ ನೆನಪಿತ್ತು, ಅವಳ ಕಣ್ಣಿನದು ಇರಲಿಲ್ಲ.

ಹಾಗಾದರೆ ಅಕ್ಕನ ಭಯಕ್ಕೆ ದೇವರು ಕಾರಣನೇ ಅಲ್ಲ. ಅವಳು ಕಣ್ಣಾರೆ ಕಂಡದ್ದರ ಮೇಲೆ ಲೆಕ್ಕ ಹಾಕಿದ್ದಳು. ಕಂಡದ್ದು ಒಬ್ಬಳನ್ನು ಮಾತ್ರ ಎಂಬುದೇ ತೊಂದರೆ. ನಾನು, ಮೇಷ್ಟ್ರು, ಫ್ಯಾನು ಎಲ್ಲ ಸೇರಿ ಯುದ್ಧ ಮಾಡಿದ್ದು ಖಾಲಿ ಕೋಟೆಯ ಮೇಲೆ.

"ಈಗ ಏನು ಮಾಡಿದ್ರೆ ಒಪ್ತೀಯ?" ಎಂದೆ.

"ಇದೇ ಆಪರೇಷನ್ ಆದೋರನ್ನ ತೋರ್ಸು. ನಾನೇ ಮಾತಾಡ್ತೀನಿ. ನೀನು ಮಧ್ಯೆ ಬಾಯಿ ಹಾಕ್ಬಾರ್ದು."

ಮಾರನೆಯ ದಿನವೇ ಬಸ್ಸಿನಲ್ಲಿ ಹೊರಟೆವು. ಅವಳಿಗೆ ಟಿಕೆಟ್ ಇಲ್ಲ, ನನಗೆ ಮಾತ್ರ. ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಅದು ಆಪರೇಷನ್ ಆದವರು ತಪಾಸಣೆಗೆ ಬರುವ ದಿನ. ಕಾಯುವ ಕೋಣೆಯಲ್ಲಿ ಏಳೆಂಟು ಜನ, ಕೆಲವರು ಕಪ್ಪು ಕನ್ನಡಕದಲ್ಲಿ. ಅಕ್ಕ ಒಬ್ಬೊಬ್ಬರ ಪಕ್ಕದಲ್ಲೂ ಕೂತು, ಬುಟ್ಟಿಯ ಅಡಿಯ ಹೂವನ್ನು ಎತ್ತಿ ನೋಡುವ ಹಾಗೆ ವಿಚಾರಿಸಿದಳು. ಎಷ್ಟು ದಿನ ಉರೀತು? ಇವರೇ ಮಾಡಿದ್ದಾ, ಬೇರೆ ಡಾಕ್ಟ್ರಾ? ಮೊದಲು ಎಷ್ಟು ಕಾಣ್ತಿತ್ತು, ಈಗ ಎಷ್ಟು? ಸುಳ್ಳು ಬೇಡ, ಇದು ಎಷ್ಟು ಬೆರಳು?

ಎಲ್ಲರೂ ಚೆನ್ನಾಗಿದೆ ಎಂದರು. ನಾನು ಖುಷಿಯಾಗಿ ಎದ್ದೆ. ಅಕ್ಕ ಏಳಲಿಲ್ಲ. ಕೋಣೆಗೆಲ್ಲ ಕೇಳುವ ಹಾಗೆ ಅಂದಳು:

"ಚೆನ್ನಾಗಾದೋರೇ ಎಲ್ಲ ಬಂದಿದೀರ. ಆಗದೇ ಇರೋರು ಎಲ್ಲಿ?"

ಮೇಷ್ಟ್ರಿಗೂ ಹೊಳೆಯದ ಪ್ರಶ್ನೆ. ಮೂಲೆಯಲ್ಲಿದ್ದ ಒಬ್ಬ ವಯಸ್ಸಾದವರು ಕೈ ಎತ್ತಿದರು. "ನನಗೆ ಆಗ್ಲಿಲ್ಲಮ್ಮ. ಈ ಕಣ್ಣು ಹೋಯ್ತು."

"ಯಾಕೆ?"

"ತಡ ಮಾಡ್ದೆ. ಆರು ತಿಂಗಳು ಕಷಾಯ ಕುಡ್ಕೊಂಡು ಕೂತಿದ್ದೆ. ಈಗ ಇನ್ನೊಂದಕ್ಕೆ ಇವರ ಹತ್ರಾನೇ ಮಾಡಿಸ್ಕೊಂಡಿದೀನಿ, ಅದು ಉಳೀತು."

ಅಕ್ಕ ಅವರ ಪಕ್ಕ ಹೋಗಿ ಬಹಳ ಹೊತ್ತು ಕೂತಳು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಎದ್ದು ಬಂದವಳು, "ತಾರೀಕು ತಗೋ. ರೂಮಿನ ರೇಟು ನಾನೇ ಮಾತಾಡ್ತೀನಿ" ಅಂದಳು. ಮಾತಾಡಿ ನನಗಿಂತ ಕಡಿಮೆಗೆ ಮುಗಿಸಿದಳು.

ಆಪರೇಷನ್ ಆಯಿತು. ಒತ್ತಡ ಇಳಿಯಿತು. ಎದುರಿನದು ಕಾಣುತ್ತದೆ. ಆದರೆ ಆ ಕಣ್ಣಿಗೆ ಪಕ್ಕದ ನೋಟ ಒಂದಷ್ಟು ಹೋಗಿದೆ, ಬರುವುದಿಲ್ಲ. ಅದರಲ್ಲಿ ನಮ್ಮ ವಾದ, ಅಳತೆ, ಬಡಗಿ ಕೆಲಸಗಳಲ್ಲಿ ಹೋದದ್ದು ಎಷ್ಟು ಎಂದು ಡಾಕ್ಟರಮ್ಮನನ್ನು ಕೇಳಿದೆ. ಅವರು ನನ್ನ ಮುಖ ನೋಡಿ, ಚೀಟಿಯಲ್ಲಿ ಮುಂದಿನ ಹನಿಗಳ ಹೆಸರು ಬರೆದುಕೊಟ್ಟರು. ಇನ್ನೊಂದು ವಿಷಯವೂ ಹೇಳಬೇಕು. ಫ್ಯಾನು ಬಲಗಡೆಗೆ ಹೋದಾಗಿನಿಂದ ನಮ್ಮ ಆಂಜನೇಯ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಾನೆ. ಪಿ.ಜಿ. ಯಜಮಾನ ಮತ್ತೆ ಬಂದು ಕೇಳಿದ, ಐದನೆಯ ಮಹಡಿ ಎದ್ದಿದೆ. ಆ ಪಾಪದಲ್ಲಿ ನನ್ನದೊಂದು ಪಾಲು. ಅಧ್ಯಕ್ಷರಿಗೆ ಹೇಳಲು ಹೋದರೆ, ದೇವರು ಈಗ ಪ್ರಸನ್ನನಾಗಿದ್ದಾನೆ, ಹುಂಡಿಯೂ ತುಂಬುತ್ತಿದೆ, ಸುಮ್ಮನಿರಿ ಎಂದರು.

ಈಗ ನಿಮಗೆ ಒಂದು ಮಾತು, ಒಂದು ಜೋಡಿ ಕದ ತೆತ್ತು ಕಲಿತದ್ದು. ನಿಮ್ಮ ಮನೆಯಲ್ಲಿ ಯಾರಾದರೂ ದೇವರು ಬೇಡ ಅಂದ ಎಂದರೆ, ದೇವರು ಇದ್ದಾನೋ ಇಲ್ಲವೋ ಎಂಬ ಚರ್ಚೆಗೆ ಇಳಿಯಬೇಡಿ. ಅದು ಮುಗಿಯುವುದಿಲ್ಲ, ಡಾಕ್ಟರು ಕೊಟ್ಟ ಗಡುವು ಮುಗಿಯುತ್ತದೆ. ಗುರುತ್ವಾಕರ್ಷಣೆ ಗೊತ್ತಿರುವವರನ್ನು ಮನೆಗೆ ಕರೆಯಬೇಡಿ. ಮೊದಲ ದಿನವೇ, ಅವರು ಒಬ್ಬರೇ ಇರುವಾಗ, ಹಿಂದೆ ಯಾರಿಗೆ ಏನಾದದ್ದನ್ನು ನೋಡಿದ್ದೀರಿ ಎಂದು ಕೇಳಿ, ಕೇಳಿದ ಮೇಲೆ ಸುಮ್ಮನಿರಿ. ಕತೆ ಒಂದು ಇದ್ದೇ ಇರುತ್ತದೆ. ಅದನ್ನು ಮೌಢ್ಯ ಎಂದು ತಳ್ಳಬೇಡಿ. ಒಂದು ಸಾಕ್ಷಿ ಎಂದು ತೆಗೆದುಕೊಂಡು, ಇನ್ನೂ ಏಳೆಂಟು ಸಾಕ್ಷಿ ಒದಗಿಸಿ. ಆಸ್ಪತ್ರೆಗೆ ಫೋನ್ ಮಾಡಿ, ಆಪರೇಷನ್ ಆದವರು ತಪಾಸಣೆಗೆ ಬರುವ ದಿನ ಯಾವುದು ಎಂದು ವಿಚಾರಿಸಿಕೊಂಡು ಆವತ್ತೇ ಕರೆದುಕೊಂಡು ಹೋಗಿ. ವಾಸಿಯಾಗದೇ ಇದ್ದವರು ಯಾರಾದರೂ ಸಿಕ್ಕರೆ ಮುಚ್ಚಿಡಬೇಡಿ, ಅವರ ಪಕ್ಕದಲ್ಲೇ ಕೂರಿಸಿ. ಆಮೇಲೆ ನೀವು ಹೊರಗೆ ಹೋಗಿ ಕಾಫಿ ಕುಡಿಯಿರಿ. ಅವರೇ ಕರೆಯುವವರೆಗೆ ಒಳಗೆ ಬರಬೇಡಿ.